ಬ್ಯಾಗಿನ ಸುತ್ತ ಎದ್ದ ಉಬ್ಬು: ಆಪರೇಷನ್ ಬೇಡ ಅಂದುಕೊಂಡ ಮೇಲೆ

ನನ್ನ ಹೊಟ್ಟೆಯ ಎಡಗಡೆ, ಹೊಕ್ಕುಳಿಂದ ಸ್ವಲ್ಪ ಕೆಳಗೆ, ದೊಡ್ಡ ಕರುಳಿನ ತುದಿಯನ್ನು ಹೊರಗೆಳೆದು ಚರ್ಮಕ್ಕೆ ಹೊಲಿದಿದ್ದಾರೆ. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಮಲ ಬರುವುದು ಅಲ್ಲಿಂದ, ಅದನ್ನು ಹಿಡಿದುಕೊಳ್ಳಲು ಹೊಟ್ಟೆಗೆ ಅಂಟಿಸಿದ ಚೀಲ. ಆಸ್ಪತ್ರೆಯವರಿಗೆ ಅದು ಕೊಲೊಸ್ಟಮಿ ಬ್ಯಾಗ್, ನಮ್ಮ ಮನೆಯಲ್ಲಿ ಬರೀ ಬ್ಯಾಗು. 2019ರಲ್ಲಿ ಗುದನಾಳದ ತೀರಾ ಕೆಳಗೆ ಕ್ಯಾನ್ಸರ್ ಸಿಕ್ಕಿ, ಮೊದಲು ರೇಡಿಯೇಷನ್ ಮತ್ತು ಕೀಮೋ, ಆಮೇಲೆ ಆಪರೇಷನ್ ಆಯಿತು. ಗುದದ್ವಾರವನ್ನೇ ತೆಗೆದು ಹೊಲಿದು ಮುಚ್ಚಿದ್ದರಿಂದ ಈ ಬ್ಯಾಗು ಬದುಕಿರುವ ತನಕ. ಅದನ್ನು ಒಪ್ಪಿಕೊಂಡ ಕತೆ ಬೇರೆಯೇ ಇದೆ, ಇಲ್ಲಿ ಎತ್ತುವುದಿಲ್ಲ. ಆ ಸ್ಟೋಮಾದ ಸುತ್ತ 2021ರಲ್ಲಿ ಉಬ್ಬೊಂದು ಎದ್ದಿತು. ಆಪರೇಷನ್ ಮಾಡಿಸಿಕೊಳ್ಳದೆ ಅದನ್ನು ಜೊತೆಗಿಟ್ಟುಕೊಂಡೇ ದಿನ ದೂಡುವುದು ಹೇಗೆ ಅನ್ನುವುದನ್ನಷ್ಟೇ ಬರೆಯುತ್ತೇನೆ. ಯಾಕೆಂದರೆ ನನಗೆ ಬೇಕಾಗಿದ್ದಾಗ ಕನ್ನಡದಲ್ಲಿ ಇದನ್ನು ಹೇಳುವವರು ಯಾರೂ ಸಿಗಲಿಲ್ಲ.

ನಾನು ತಿಪಟೂರಿನಲ್ಲಿ ಬಟ್ಟೆ ಹೊಲಿಯುವವಳು. ಬ್ಲೌಸು, ಚೂಡಿದಾರ್, ಸೀರೆಗೆ ಫಾಲ್ಸು, ಮದುವೆ ಸೀಸನ್ನಿನಲ್ಲಿ ಕುಚ್ಚು. ಹಾಗಾಗಿ ಉಬ್ಬು ನನಗೆ ಮೊದಲು ಗೊತ್ತಾಗಿದ್ದು ಬಟ್ಟೆಯಿಂದ. ಕೋವಿಡ್ ಎರಡನೇ ಅಲೆಯಲ್ಲಿ ಮನೆಮಂದಿಗೆಲ್ಲ ಬಂತು, ಎಲ್ಲರಿಗೂ ಬೇಗ ಹೋಯಿತು. ನನಗೆ ಜ್ವರ ಹೋದರೂ ಒಣಕೆಮ್ಮು ವಾರಗಟ್ಟಲೆ ನಿಂತುಬಿಟ್ಟಿತು. ರಾತ್ರಿ ಕೂತು ಕೆಮ್ಮುತ್ತಿದ್ದರೆ ಹೊಟ್ಟೆಯೇ ಕಿತ್ತು ಬರುತ್ತೇನೋ ಅನ್ನಿಸುತ್ತಿತ್ತು. ಅದಾದ ಮೇಲೆ ಒಂದು ದಿನ ಲಂಗ ಉಟ್ಟಾಗ ಎಡಗಡೆ ಅಂಚು ಮೇಲೆದ್ದಂತೆ ಕಂಡಿತು. ನಾನೇ ಹೊಲಿದ ಲಂಗ, ಅಂಚು ಓರೆ ಬರಲು ಸಾಧ್ಯವಿಲ್ಲ. ಟೇಪು ತಗೊಂಡು ಹೊಕ್ಕುಳಿಂದ ಎರಡೂ ಪಕ್ಕಕ್ಕೆ ಅಳೆದೆ. ಎಡಗಡೆ ಎರಡು ಬೆರಳಿನಷ್ಟು ಜಾಸ್ತಿ. ಮಲಗಿ ಅಳೆದರೆ ಎರಡೂ ಕಡೆ ಸಮ.

ಅದೇ ಹೊತ್ತಿಗೆ ಬ್ಯಾಗು ಸೋರಲು ಶುರುವಾಯಿತು. ಬ್ಯಾಗಿನಲ್ಲಿ ಎರಡು ಭಾಗ: ಚರ್ಮಕ್ಕೆ ಅಂಟುವ ಪ್ಲೇಟು, ಅದಕ್ಕೆ ಸಿಕ್ಕಿಸುವ ಚೀಲ. ಸಪಾಟಾಗಿದ್ದ ಹೊಟ್ಟೆಯ ಮೇಲೆ ಪ್ಲೇಟು ಮೂರ್ನಾಲ್ಕು ದಿನ ಕೂರುತ್ತಿತ್ತು. ಈಗ ಮಾರನೇ ದಿನವೇ ಕೆಳಗಿನ ಅಂಚು ಎದ್ದು ನಿಲ್ಲುತ್ತಿತ್ತು. ಗಿರಾಕಿಗೆ ಅಳತೆ ತಗೊಳ್ಳುತ್ತಿರುವಾಗ ಸೊಂಟದ ಹತ್ತಿರ ಬಿಸಿಬಿಸಿ ಅನ್ನಿಸಿದರೆ ಮುಗಿಯಿತು, ಟೇಪನ್ನು ಮಗಳ ಕೈಗೆ ಕೊಟ್ಟು ಒಳಗೆ ಓಡಬೇಕು.

ಬೆಂಗಳೂರಿನ ಸರ್ಜನ್ನರು ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಎರಡೂ ಸಲ ಕೆಮ್ಮಿ ಅಂದರು. ಗ್ಲೌಸ್ ಹಾಕಿದ ಬೆರಳನ್ನು ಸ್ಟೋಮಾದೊಳಗೆ ಇಟ್ಟು ಇನ್ನೊಂದು ಸಲ ಕೆಮ್ಮಿಸಿದರು. ಆಮೇಲೆ ಸಿಟಿ ಸ್ಕ್ಯಾನ್. ಫೈಲಿನಲ್ಲಿ ಪ್ಯಾರಾಸ್ಟೋಮಲ್ ಹರ್ನಿಯಾ ಎಂದು ಬರೆದು, ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಕರುಳನ್ನು ಹೊರಗೆ ತರಬೇಕಾದರೆ ಹೊಟ್ಟೆಯ ಸ್ನಾಯುವಿನಲ್ಲಿ ದಾರಿ ಮಾಡಲೇಬೇಕು. ಆ ದಾರಿ ಹುಟ್ಟಿನಿಂದ ಬಂದದ್ದಲ್ಲವಲ್ಲ, ಹೊಟ್ಟೆಯ ಒಳಗಿನ ಒತ್ತಡಕ್ಕೆ ವರ್ಷ ಕಳೆದಂತೆ ಅಗಲವಾಗುತ್ತದೆ. ಅಗಲವಾದ ಜಾಗದಿಂದ ಕರುಳಿನ ಬೇರೆ ಸುರುಳಿಯೋ, ಕರುಳನ್ನು ಮುಚ್ಚಿಕೊಂಡಿರುವ ಕೊಬ್ಬಿನ ಪದರವೋ ಹೊರಗೆ ಬಂದು ಚರ್ಮದ ಕೆಳಗೆ ಕೂರುತ್ತದೆ. ಕೆಮ್ಮು, ಮುಕ್ಕಿರಿಯುವುದು, ಭಾರ ಎತ್ತುವುದು, ಬೊಜ್ಜು, ಬೀಡಿ ಸಿಗರೇಟು, ವಯಸ್ಸು ಎಲ್ಲವೂ ಅದನ್ನು ದೂಡುತ್ತವೆ.

"ನನಗೊಬ್ಬಳಿಗೇ ಹೀಗಾಯ್ತಾ ಸರ್?" ಅಂದೆ.

ಅವರು ನಕ್ಕರು. ಯುರೋಪಿನ ಹರ್ನಿಯಾ ತಜ್ಞರ ಸಂಘ 2018ರಲ್ಲಿ ಹೊರತಂದ ಮಾರ್ಗಸೂಚಿಯ ಲೆಕ್ಕ ಹೇಳಿದರು: ಶಾಶ್ವತ ಬ್ಯಾಗು ಇರುವವರಲ್ಲಿ ಮೊದಲ ವರ್ಷಕ್ಕೇ ನೂರಕ್ಕೆ 30ಕ್ಕಿಂತ ಹೆಚ್ಚು ಜನಕ್ಕೆ, ಎರಡು ವರ್ಷಕ್ಕೆ 40 ದಾಟಿ, ಇನ್ನೂ ಮುಂದೆ ಹೋದರೆ ಅರ್ಧಕ್ಕರ್ಧ ಜನಕ್ಕೆ ಇದು ಬರುತ್ತದಂತೆ. ಇಷ್ಟು ಜನಕ್ಕೆ ಬರುವ ಒಂದು ತೊಂದರೆಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಹಾಳೆಯಲ್ಲಿ ಗಾಯ ಒಣಗಿಸಿಕೊಳ್ಳುವುದು, ಊಟ, ಮಾತ್ರೆ ಎಲ್ಲ ಇತ್ತು. ಕೆಮ್ಮುವಾಗ ಸ್ಟೋಮಾದ ಮೇಲೆ ಅಂಗೈ ಒತ್ತಿ ಹಿಡಿಯಿರಿ ಅನ್ನುವ ಒಂದು ಸಾಲು ಇರಲಿಲ್ಲ. ಈ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಆಪರೇಷನ್ ಮಾಡಿಸಬೇಕೋ ಬೇಡವೋ ಅನ್ನುವುದು ಒಂದೇ ದಿನ ತೀರ್ಮಾನವಾಗಲಿಲ್ಲ. ದಾರಿ ಮೂರಿತ್ತು. ಮೊದಲನೆಯದು ಅಗಲವಾದ ಸ್ನಾಯುವನ್ನು ಬರೀ ದಾರ ಹಾಕಿ ಬಿಗಿಮಾಡುವುದು. ಅದು ಮತ್ತೆ ಬಿಟ್ಟುಕೊಳ್ಳುವುದೇ ಹೆಚ್ಚು, ಹಾಗಾಗಿ ಈಗ ಯಾರೂ ಸಲಹೆ ಮಾಡುವುದಿಲ್ಲ ಅಂದರು. ಎರಡನೆಯದು ಸ್ಟೋಮಾವನ್ನೇ ಕಿತ್ತು ಬಲಗಡೆಗೆ ಸ್ಥಳಾಂತರಿಸುವುದು. ಆಗ ಹಳೇ ಜಾಗ, ಹೊಸ ಜಾಗ, ನಡುವಿನ ಹಳೇ ಕೊಯ್ತ, ಮೂರರಲ್ಲಿ ಎಲ್ಲಿ ಬೇಕಾದರೂ ಹರ್ನಿಯಾ ಆಗಬಹುದು. ಮೂರನೆಯದು ಮೆಶ್, ಅಂದರೆ ಸಣ್ಣ ಬಲೆಯಂಥ ಹಾಳೆಯನ್ನು ಒಳಗಿನಿಂದ ಹಾಕಿ ಕರುಳು ಅದರ ಪಕ್ಕದಿಂದ ಹೊರಬರುವಂತೆ ಮಾಡುವುದು. ಇರುವುದರಲ್ಲಿ ಅದೇ ಒಳ್ಳೆಯದು, ಆದರೂ ಮತ್ತೆ ಬರುವುದಿಲ್ಲ ಅಂತ ಬರೆದುಕೊಡಲಾರೆ ಅಂದರು. ನನ್ನ ಹೊಟ್ಟೆಗೆ ರೇಡಿಯೇಷನ್ ಬಿದ್ದಿದೆ, ಒಳಗೆ ಕರುಳು ಅಲ್ಲಲ್ಲಿ ಅಂಟಿಕೊಂಡಿರಬಹುದು, ಶುಗರ್ ಇದೆ, ಆಗ ತೂಕವೂ ಜಾಸ್ತಿ ಇತ್ತು. ಬಲೆಗೆ ಕೀವು ಹತ್ತಿದರೆ ಅದನ್ನು ತೆಗೆಯಲು ಇನ್ನೊಂದು ಆಪರೇಷನ್.

ಇನ್ನೊಂದು ಪಕ್ಕದಲ್ಲಿ ಅವರು ಎಣಿಸಿದ್ದು: ನನಗೆ ನೋವಿಲ್ಲ, ಮಲ ಕಟ್ಟಿಕೊಳ್ಳುತ್ತಿಲ್ಲ, ಮಲಗಿದರೆ ಉಬ್ಬು ತಾನಾಗಿ ಒಳಗೆ ಹೋಗುತ್ತದೆ, ದಾರಿಯ ಬಾಯಿ ಅಗಲವಾಗಿರುವುದರಿಂದ ಕರುಳು ಸಿಕ್ಕಿಹಾಕಿಕೊಳ್ಳುವ ಸಂಭವ ಕಡಿಮೆ. "ಕಡಿಮೆ ಅಂದೆ, ಇಲ್ಲ ಅನ್ಲಿಲ್ಲ ಅಮ್ಮ" ಅಂದರು. ಈಗ ಬೇಡ, ನೋಡಿಕೊಂಡು ಹೋಗೋಣ ಅನ್ನುವುದು ಅವರ ಮಾತು. ಮನೆಗೆ ಬಂದು ವಾರಗಟ್ಟಲೆ ಯೋಚನೆ ಮಾಡಿ, ಸರಿ ಅನ್ನುವುದು ನನ್ನ ಮಾತು. ನಮ್ಮೆಜಮಾನರಿಗೆ ಸಮಾಧಾನವಾಗಲಿಲ್ಲ. ಅತ್ತೆಗಂತೂ ಇಲ್ಲವೇ ಇಲ್ಲ. "ಕಾಯಿಲೆ ಇಟ್ಕೊಂಡು ಸುಮ್ನೆ ಕೂತ್ಕೊಳೋದು ಯಾವ ಸೀಮೆ ವೈದ್ಯ?" ಅಂದರು. ಸುಮ್ಮನೆ ಕೂರುವುದಲ್ಲ ಅದು ಅನ್ನುವುದು ಅವರಿಗೂ ನನಗೂ ಆಮೇಲೆ ಗೊತ್ತಾಯಿತು.

ಹರ್ನಿಯಾದಿಂದ ನಾನು ಕಳೆದುಕೊಂಡದ್ದರಲ್ಲಿ ದೊಡ್ಡದು ಬೆಳಗಿನ ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಡಗಡೆ ಕೊಲೊಸ್ಟಮಿ ಇರುವ ಕೆಲವರು ಇರಿಗೇಷನ್ ಅಂತ ಮಾಡಿಕೊಳ್ಳುತ್ತಾರೆ. ಗೋಡೆಯ ಮೊಳೆಗೆ ಚೀಲ ನೇತುಹಾಕಿ, ಉಗುರು ಬೆಚ್ಚಗಿನ ಕುಡಿಯುವ ನೀರನ್ನು ಮೆತ್ತನೆಯ ಕೋನ್ ಮೂಲಕ ಸ್ಟೋಮಾದೊಳಗೆ ನಿಧಾನ ಬಿಡುವುದು. ಕರುಳು ತುಂಬಿ, ತಾನೇ ಹಿಂಡಿ ಎಲ್ಲವನ್ನೂ ಹೊರಗೆ ಹಾಕುತ್ತದೆ. ಮುಕ್ಕಾಲು ಗಂಟೆ, ಒಂದು ಗಂಟೆಯ ಕೆಲಸ. ಆಮೇಲೆ ಮಾರನೇ ದಿನದವರೆಗೆ ಹೆಚ್ಚುಕಡಿಮೆ ಏನೂ ಬರುವುದಿಲ್ಲ, ದೊಡ್ಡ ಬ್ಯಾಗಿನ ಬದಲು ಬಿಲ್ಲೆಯಂಥ ಚಿಕ್ಕ ಮುಚ್ಚಳ ಅಂಟಿಸಿಕೊಂಡರೆ ಸಾಕು. ಸ್ಟೋಮಾ ನರ್ಸ್ ಸಿಸ್ಟರ್ ಹತ್ತಿರ ಕೂತು ಕಲಿತಿದ್ದೆ. ಆ ಒಂದು ಗಂಟೆ ಕೊಟ್ಟರೆ ಮಿಕ್ಕ ದಿನವೆಲ್ಲ ನನ್ನದು. ಮದುವೆಗೆ ಹೋಗುತ್ತಿದ್ದೆ, ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆ, ಅರಸೀಕೆರೆಯ ತವರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಹರ್ನಿಯಾ ಇದ್ದಾಗ ಚರ್ಮದ ಕೆಳಗೆ ಕರುಳು ನೇರ ಇರುವುದಿಲ್ಲ, ಸೊಟ್ಟ ತಿರುಗಿರುತ್ತದೆ. ನೀರು ಒಳಗೆ ಹೋಗಲು ತಡೆಯುತ್ತದೆ, ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಕೋನನ್ನು ಒತ್ತಿದರೆ ಕರುಳು ತೂತಾಗುವ ಅಪಾಯವೂ ಇದೆ. ಸರ್ಜನ್ನರು ಖಡಾಖಂಡಿತ ನಿಲ್ಲಿಸಿ ಅಂದರು. ಕ್ಯಾನ್ಸರ್ ಅಂದಾಗ ಅಳದವಳು ಅವತ್ತು ಯಶವಂತಪುರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತೆ. ನಮ್ಮೆಜಮಾನರು ಏನು ಹೇಳಲೂ ತೋಚದೆ ಎರಡು ಕಾಫಿ ತಂದರು. ಆ ಚೀಲ ಮತ್ತು ಪೈಪು ಇನ್ನೂ ಬೀರುವಿನ ಮೇಲಿದೆ, ಕೊಡಲು ಮನಸ್ಸಾಗಿಲ್ಲ.

ಮತ್ತೆ ದಿನಪೂರ್ತಿ ಬ್ಯಾಗು ಅಂದ ಮೇಲೆ ಪ್ಲೇಟು ನಿಲ್ಲಬೇಕಲ್ಲ. ಸಪಾಟು ಹೊಟ್ಟೆಗೆ ಮಾಡಿದ ಪ್ಲೇಟು ಉಬ್ಬಿದ ಹೊಟ್ಟೆಗೆ ಹೊಂದುವುದಿಲ್ಲ, ಅಂಚಿನಲ್ಲಿ ನೆರಿಗೆ ಬೀಳುತ್ತದೆ, ನೆರಿಗೆಯೊಳಗಿಂದ ಸೋರುತ್ತದೆ. ಸಿಸ್ಟರ್ ಹೇಳಿಕೊಟ್ಟ ಉಪಾಯ ಕೇಳಿ ನನಗೆ ಖುಷಿಯಾಯಿತು, ಯಾಕೆಂದರೆ ಅದು ನನ್ನ ಕಸುಬೇ. ಪ್ಲೇಟಿನ ಹೊರ ಅಂಚಿಗೆ ಅಲ್ಲಲ್ಲಿ ಕತ್ತರಿಯಿಂದ ಚಿಕ್ಕ ಕಚ್ಚು ಕೊಡುವುದು. ಬ್ಲೌಸಿನ ಕತ್ತಿನ ತಿರುವಿಗೆ ಕಚ್ಚು ಕೊಟ್ಟರೆ ಬಟ್ಟೆ ಎಳೆಯದೆ ಮಡಚಿಕೊಳ್ಳುವಂತೆ, ಪ್ಲೇಟೂ ಉಬ್ಬಿನ ಮೇಲೆ ಹರಡಿ ಕೂರುತ್ತದೆ. ಕಚ್ಚು ಒಳಗಿನ ತೂತಿನ ಹತ್ತಿರಕ್ಕೆ ಹೋಗಬಾರದು, ಅಷ್ಟೆ.

ತೂತಿನ ಅಳತೆಯೂ ಬದಲಾಯಿತು. ಮೊದಲು ನನ್ನ ಸ್ಟೋಮಾ ದುಂಡಗಿತ್ತು. ಹರ್ನಿಯಾ ಎಳೆದೂ ಎಳೆದೂ ಅಂಡಾಕಾರವಾಗಿದೆ, ಮಲಗಿದಾಗ ಚಿಕ್ಕದು, ನಿಂತಾಗ ದೊಡ್ಡದು. ಮಲಗಿದಾಗಿನ ಅಳತೆಗೆ ತೂತು ಕತ್ತರಿಸಿದರೆ ನಿಂತಾಗ ಅದು ಸ್ಟೋಮಾವನ್ನು ಹಿಚುಕುತ್ತದೆ. ನಿಂತಾಗಿನ ಅಳತೆಗೆ ಕತ್ತರಿಸಿದರೆ ಮಲಗಿದಾಗ ಸುತ್ತಲ ಚರ್ಮ ಬರಿದಾಗಿ, ಮಲ ತಾಗಿ ಕೆಂಪಾಗುತ್ತದೆ. ನಾನು ಎರಡೂ ಅಳತೆ ತೆಗೆದು, ನಿಂತಾಗಿನದಕ್ಕೆ ಕತ್ತರಿಸಿ, ಉಳಿಯುವ ಸಂದಿಗೆ ಜಿಗುಟು ರಿಂಗು ಕೊಡುತ್ತೇನೆ. ಆ ರಿಂಗು ಮೇಣದ ಹಾಗೆ ಮೆತ್ತಗಿರುತ್ತದೆ, ಬೆರಳಲ್ಲಿ ತೀಡಿ ಬೇಕಾದ ಆಕಾರಕ್ಕೆ ತರಬಹುದು. ಅಳತೆಯ ಕಾಗದವನ್ನು ರಟ್ಟಿಗೆ ಅಂಟಿಸಿಟ್ಟುಕೊಂಡಿದ್ದೇನೆ, ತಿಂಗಳಿಗೊಮ್ಮೆ ಹೊಸದಾಗಿ ತೆಗೆಯುತ್ತೇನೆ.

ಈಗ ನಾನು ಹಾಕುತ್ತಿರುವುದು ಉಬ್ಬಿದ ಹೊಟ್ಟೆಗೆಂದೇ ಮಾಡಿದ, ನಕ್ಷತ್ರದ ಆಕಾರದ ಪ್ಲೇಟು. ಕಂಪನಿಯವರು ಕಾನ್ಕೇವ್ ಅನ್ನುತ್ತಾರೆ. ಬಟ್ಟಲು ಮುಚ್ಚಿದಂತೆ ಕೂರುತ್ತದೆ. ಇದಕ್ಕೆ ತಿರುಗುಮುರುಗಾದ ಕಾನ್ವೆಕ್ಸ್ ಪ್ಲೇಟು, ಒಳಗೆ ಹೂತ ಸ್ಟೋಮಾದವರಿಗೆ ಒಳ್ಳೆಯದು. ಉಬ್ಬಿನ ಮೇಲೆ ಗಟ್ಟಿಯಾದದ್ದನ್ನು ಒತ್ತಿ ಹಾಕಿದರೆ ಚರ್ಮ ಹುಣ್ಣಾಗುತ್ತದೆ. ಬೆಲೆ ಮಾಮೂಲಿಗಿಂತ ಜಾಸ್ತಿ, ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ಕೊರಿಯರ್ ತರಿಸಬೇಕು. ಮೊದಲು ಒಂದೆರಡು ಸ್ಯಾಂಪಲ್ ಕೇಳಿ ಪಡೆದು ಅಂಟಿಸಿ ನೋಡಿದ ಮೇಲೆಯೇ ಪೂರ್ತಿ ಡಬ್ಬ ಕೊಳ್ಳುವುದು ಜಾಣತನ. ಕೋಲೋಪ್ಲಾಸ್ಟ್, ಕಾನ್ವಾಟೆಕ್, ಹಾಲಿಸ್ಟರ್ ಮೂರೂ ನಮ್ಮಲ್ಲಿ ಸಿಗುತ್ತವೆ, ಯಾವುದು ಯಾರ ಚರ್ಮಕ್ಕೆ ಹೊಂದುತ್ತದೋ ಹಾಕಿ ನೋಡದೆ ತಿಳಿಯುವುದಿಲ್ಲ.

ಇನ್ನೊಂದು ತೊಂದರೆ ಯಾರೂ ಮೊದಲೇ ಹೇಳುವುದಿಲ್ಲ: ಉಬ್ಬು ದೊಡ್ಡದಾದರೆ ಸ್ಟೋಮಾದ ಕೆಳಗಿನ ಅರ್ಧ ಬಗ್ಗಿ ನೋಡಿದರೂ ನಮಗೆ ಕಾಣುವುದಿಲ್ಲ. ಬೀರುವಿನ ಕನ್ನಡಿ ಮುಂದೆ ನಿಂತು, ಕೈಗನ್ನಡಿಯನ್ನು ಕೆಳಗಿನಿಂದ ಹಿಡಿದು ಅಂಟಿಸುತ್ತೇನೆ. ಮೊದಮೊದಲು ಕನ್ನಡಿಯಲ್ಲಿ ಎಡಬಲ ತಿರುಗುಮುರುಗಾಗಿ ಕೈ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅಂಟಿಸಿದ ಮೇಲೆ ಅಂಗೈ ಶಾಖಕ್ಕೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಚೆನ್ನಾಗಿ ಕೂರುತ್ತದೆ. ಮತ್ತೆ, ತಿಪಟೂರಿನವರಿಗೆ ಹೇಳಲೇಬೇಕಾದ ಮಾತು: ಆ ಜಾಗಕ್ಕೆ ಕೊಬ್ಬರಿ ಎಣ್ಣೆ ಸೋಕಿಸಬೇಡಿ. ನಮಗೆ ತಲೆಗೂ ಅದೇ, ಸುಟ್ಟ ಗಾಯಕ್ಕೂ ಅದೇ, ಮಗುವಿನ ಮೈಗೂ ಅದೇ. ಎಣ್ಣೆ ಪಸೆ ಇದ್ದ ಕಡೆ ಯಾವ ಪ್ಲೇಟೂ ನಿಲ್ಲುವುದಿಲ್ಲ. ಚರ್ಮ ಹಸಿಯಾಗಿದ್ದರೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಮೇಲೆ ಪ್ಲೇಟು.

ಬೆಲ್ಟಿನ ವಿಷಯಕ್ಕೆ ಬರುತ್ತೇನೆ. ಸರ್ಜಿಕಲ್ ಅಂಗಡಿಗೆ ಹೋಗಿ ಹರ್ನಿಯಾ ಬೆಲ್ಟು ಕೇಳಿದರೆ ಬಾಣಂತಿಯರಿಗೆ ಕೊಡುವ ಅಗಲದ ಎಲಾಸ್ಟಿಕ್ ಪಟ್ಟಿ ತೆಗೆದಿಡುತ್ತಾರೆ. ಅದು ಕೂತಾಗ ಸುರುಳಿ ಸುತ್ತಿ ಮೇಲೇರುತ್ತದೆ, ಸ್ಟೋಮಾದ ಮೇಲೇ ಒತ್ತುತ್ತದೆ, ಬೇಸಿಗೆಯಲ್ಲಿ ಮೈ ಬೆವರಿ ಪ್ಲೇಟು ಬಿಟ್ಟುಕೊಳ್ಳುತ್ತದೆ. ನಮಗೆ ಬೇಕಾದದ್ದು ಅಳತೆ ಕೊಟ್ಟು ಮಾಡಿಸುವ ಬೆಲ್ಟು. ಉಬ್ಬನ್ನು ಪೂರ್ತಿ ಮುಚ್ಚುವಷ್ಟು ಅಗಲವಿರಬೇಕು, ನನ್ನದು 20 ಸೆಂ.ಮೀ. ಸುತ್ತಳತೆಯನ್ನು ನಿಂತುಕೊಂಡು, ಉಬ್ಬಿನ ಮೇಲೇ ಟೇಪು ಹಾದುಹೋಗುವಂತೆ ತೆಗೆಯಬೇಕು.

ಬೆಲ್ಟಿನಲ್ಲಿ ಎರಡು ಜಾತಿ. ಬ್ಯಾಗು ಹೊರಬರಲು ತೂತಿರುವುದು, ತೂತಿಲ್ಲದ್ದು. ತೂತಿನದು ಹಾಕಿದಾಗ ಬ್ಯಾಗು ಆರಾಮವಾಗಿ ತುಂಬುತ್ತಿತ್ತು, ಆದರೆ ಉಬ್ಬೂ ಆ ತೂತಿನಿಂದಲೇ ಮುಂದೆ ನುಗ್ಗಲು ನೋಡುತ್ತಿತ್ತು, ಸಂಜೆಗೆ ಸ್ಟೋಮಾ ಊದಿಕೊಳ್ಳುತ್ತಿತ್ತು. ತೂತಿಲ್ಲದ್ದರಲ್ಲಿ ಉಬ್ಬು ಒಳಗಿರುತ್ತದೆ, ಆದರೆ ಬ್ಯಾಗು ಹೊಟ್ಟೆಗೆ ಅಂಟಿಕೊಂಡು ಮಲ ಕೆಳಗಿಳಿಯದೆ ಸ್ಟೋಮಾದ ಸುತ್ತಲೇ ರೊಟ್ಟಿಯಂತೆ ನಿಲ್ಲುತ್ತದೆ. ಬ್ಯಾಗಿನ ಗಾಳಿ ಹೋಗುವ ಫಿಲ್ಟರಿಗೆ ಡಬ್ಬದಲ್ಲೇ ಬರುವ ಸ್ಟಿಕ್ಕರು ಅಂಟಿಸಿ, ಬ್ಯಾಗು ಹಾಕುವ ಮೊದಲು ಸ್ವಲ್ಪ ಗಾಳಿ ಉಳಿಸಿಕೊಂಡರೆ ಅದು ಎಷ್ಟೋ ಕಡಿಮೆಯಾಗುತ್ತದೆ. ಜೊತೆಗೆ, ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿಬಿಡುತ್ತೇನೆ. ಕೊನೆಗೆ ತೂತಿಲ್ಲದ ಬೆಲ್ಟನ್ನೇ ಇಟ್ಟುಕೊಂಡು, ಬ್ಯಾಗಿನ ಜಾಗಕ್ಕೆ ಒಳಗಡೆಯಿಂದ ಹತ್ತಿ ಬಟ್ಟೆಯ ಲೈನಿಂಗು ಹೊಲಿದು ಚೂರು ಸಡಿಲ ಕೊಟ್ಟೆ. ಸಿಸ್ಟರ್ ನೋಡಿ ಸರಿಯಾಗಿದೆ ಅಂದ ಮೇಲೆ ಅಂಥದ್ದೇ ಲೈನಿಂಗನ್ನು ಅವರಲ್ಲಿಗೆ ಬರುವ ಬೇರೆಯವರಿಗೂ ಹೊಲಿದು ಕಳಿಸಿದ್ದೇನೆ. ಕೂಲಿ ತಗೊಂಡಿಲ್ಲ. ದಾರದ ದುಡ್ಡು ಕೊಡುತ್ತೇವೆ ಅಂದವರಿಗೆ ಬೇಡ ಅಂದಿಲ್ಲ.

ಬೆಲ್ಟು ಹಾಕಬೇಕಾದದ್ದು ಮಲಗಿಕೊಂಡು. ನಿಂತು ಹಾಕಿದರೆ ಹೊರಬಂದ ಕರುಳನ್ನು ಹೊರಗೇ ಇಟ್ಟು ಬಿಗಿದಂತಾಗುತ್ತದೆ. ಬೆಳಿಗ್ಗೆ ಎಚ್ಚರವಾದರೂ ಸ್ವಲ್ಪ ಹೊತ್ತು ಅಂಗಾತ ಮಲಗಿರುತ್ತೇನೆ, ಉಬ್ಬು ಒಳಗೆ ಸರಿದ ಮೇಲೆ ಬೆಲ್ಟು, ಆಮೇಲೆ ಎದ್ದು ಕಾಫಿ. ರಾತ್ರಿ ಬಿಚ್ಚಿಡುತ್ತೇನೆ. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಎದ್ದು ಕೂರುವುದಿಲ್ಲ, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳುತ್ತೇನೆ. ಕೆಮ್ಮು, ಸೀನು ಬಂದರೆ ಅಂಗೈ ಸೀದಾ ಅಲ್ಲಿಗೆ ಹೋಗುತ್ತದೆ. ಮೆಣಸಿನಕಾಯಿ ಹುರಿಯುವ ದಿನ ಅಡುಗೆಮನೆಯ ಕಡೆ ತಲೆಯೂ ಹಾಕುವುದಿಲ್ಲ, ಇದೊಂದು ಲಾಭ.

ಅಂಗಡಿಯಲ್ಲಿ ತುಳಿಯುವ ಮೆಷಿನ್ನಿನ ಮುಂದೆ ಬಗ್ಗಿ ಕೂತರೆ ಹೊಟ್ಟೆ ಮಡಚಿ ಉಬ್ಬಿನ ಮೇಲೆ ಒತ್ತಡ ಬೀಳುತ್ತಿತ್ತು. ಮೆಷಿನ್ನಿಗೆ ಮೋಟರ್ ಕೂರಿಸಿದೆವು, ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದೆವು. ಅಂಗಡಿಯ ಹಿಂದೆ ನಮ್ಮೆಜಮಾನರು ಒಂದು ಮಂಚದ ಹಲಗೆ ಹಾಕಿಸಿಕೊಟ್ಟಿದ್ದಾರೆ, ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಅಂಗಾತ ಮಲಗುತ್ತೇನೆ. ಸಂಜೆಯ ಎಳೆತ, ಭಾರ ಅರ್ಧಕ್ಕರ್ಧ ಇಳಿದದ್ದು ಬೆಲ್ಟಿಗಿಂತ ಹೆಚ್ಚಾಗಿ ಈ ಮಲಗುವುದರಿಂದ ಅನ್ನುವುದು ನನ್ನ ಅಂದಾಜು. ಭಾರದ ಬಗ್ಗೆ ಸರ್ಜನ್ನರು ಕೆಜಿ ಲೆಕ್ಕ ಕೊಡಲಿಲ್ಲ, "ಎತ್ತುವಾಗ ಉಸಿರು ಕಟ್ಟಿ ಹಿಡಿಯಬೇಕಾಗಿ ಬಂದ್ರೆ ಅದು ನಿಮ್ಮ ಭಾರ ಅಲ್ಲ" ಅಂದರು. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರು, ಬಟ್ಟೆಯ ಗಂಟು ಎಲ್ಲ ಹೋಯಿತು. ಮಗ ಕಾಲೇಜಿನಿಂದ ಬರುವವರೆಗೆ ನೀರು ಕಾದಿರಲಿ, ಪ್ರಪಂಚ ಮುಳುಗುವುದಿಲ್ಲ.

ಫಿಸಿಯೋಥೆರಪಿ ಅಮ್ಮ ಹೇಳಿಕೊಟ್ಟದ್ದು ಮೂರೇ: ಅಂಗಾತ ಮಲಗಿ ಮಂಡಿ ಮಡಚಿ ಸೊಂಟವನ್ನು ನೆಲಕ್ಕೆ ಒತ್ತುವುದು, ಎರಡೂ ಮಂಡಿಯನ್ನು ನಿಧಾನ ಅತ್ತಿತ್ತ ವಾಲಿಸುವುದು, ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದುಕೊಳ್ಳುವುದು. ಜೊತೆಗೆ ನಡಿಗೆ. ಇಷ್ಟರಿಂದ ಹರ್ನಿಯಾ ಹೋಗುವುದಿಲ್ಲ, ಸುತ್ತಲ ಸ್ನಾಯು ಸೋಲದಂತೆ ಕಾಯುತ್ತದೆ. ನಮ್ಮ ಬೀದಿಯ ಯೋಗದ ಮೇಷ್ಟ್ರು ಕಪಾಲಭಾತಿ ಮಾಡಿ, ಹೊಟ್ಟೆಯೆಲ್ಲ ಒಳಗೆ ಹೋಗುತ್ತೆ ಅಂದರು. ಕೈಮುಗಿದು ಬಂದೆ. ಇನ್ನೊಬ್ಬರು ಎಣ್ಣೆ ತಿಕ್ಕಿ ಗೆಡ್ಡೆ ಒಳಗೆ ತಳ್ಳುವವರ ವಿಳಾಸವನ್ನೇ ಬರೆದು ತಂದರು. ಕರುಳನ್ನು ಯಾರೋ ಬಲವಂತವಾಗಿ ತಳ್ಳುವುದೆಂದರೆ ಕೇಳಿದರೇ ಮೈ ನಡುಗುತ್ತದೆ. ಆ ಚೀಟಿ ಒಲೆಗೆ ಹೋಯಿತು.

ಊಟದಲ್ಲಿ ಒಂದೇ ಗುರಿ, ಮಲ ಗಟ್ಟಿಯಾಗಬಾರದು. ಗಟ್ಟಿ ಮಲ ಆ ಸೊಟ್ಟ ದಾರಿಯಲ್ಲಿ ನಿಂತರೆ ಹೊಟ್ಟೆ ಉಬ್ಬರಿಸಿ ಇನ್ನಷ್ಟು ದೂಡುತ್ತದೆ. ರಾಗಿಮುದ್ದೆ, ಸೊಪ್ಪಿನ ಸಾರು, ಪರಂಗಿಹಣ್ಣು, ಮಜ್ಜಿಗೆ, ಬೇಕಾದಾಗ ಡಾಕ್ಟರ್ ಬರೆದ ಸಿರಪ್ಪು. ಮುದ್ದೆ ತಿಂದು ನೀರು ಕುಡಿಯದಿದ್ದರೆ ಉಲ್ಟಾ ಹೊಡೆಯುತ್ತದೆ. ಸಂಕ್ರಾಂತಿ ಹೊತ್ತಿನಲ್ಲಿ ಹಿತಕವರೆ ಸಾರಿನ ಘಮ ಬಂದರೆ ಸಂಕಟ. ತಿಂದರೆ ಗಾಳಿ ತುಂಬಿ ಬ್ಯಾಗು ಬಲೂನು, ಬೆಲ್ಟಿನ ಕೆಳಗೆ ಬಲೂನು ಅಂದರೆ ಪ್ಲೇಟು ಏಳುವುದು ಖಂಡಿತ. ಆದರೂ ವರ್ಷಕ್ಕೊಮ್ಮೆ ತಿನ್ನುತ್ತೇನೆ, ಭಾನುವಾರ, ಮನೆಯಲ್ಲೇ, ಎಲ್ಲಿಗೂ ಹೋಗದ ದಿನ. ತೂಕ ಇಳಿಸಿಕೊಂಡದ್ದು ಶುಗರಿಗೂ ಆಯಿತು, ಇದಕ್ಕೂ ಆಯಿತು.

ಲಂಗದ ಲಾಡಿ ಸರಿಯಾಗಿ ಸ್ಟೋಮಾದ ಮೇಲೇ ಬರುತ್ತಿತ್ತು. ಈಗ ನನ್ನ ಲಂಗಗಳಿಗೆ ಲಾಡಿಯಿಲ್ಲ, ಅಗಲದ ಮೆತ್ತನೆಯ ಪಟ್ಟಿ, ಹೊಕ್ಕುಳಿಗಿಂತ ಮೇಲೆ. ಸೀರೆಯ ನೆರಿಗೆಯನ್ನು ಚೂರು ಎಡಕ್ಕೆ ಸರಿಸಿ ಸಿಕ್ಕಿಸಿದರೆ ಉಬ್ಬು ಕಾಣುವುದಿಲ್ಲ. ಚೂಡಿದಾರದಲ್ಲಿ ಕಾಣುತ್ತದೆ. ಒಂದು ನಾಮಕರಣದಲ್ಲಿ ಹಳೇ ಗಿರಾಕಿಯೊಬ್ಬರು ಪಕ್ಕಕ್ಕೆ ಕರೆದು "ಏನಕ್ಕ, ಈ ವಯಸ್ಸಲ್ಲಿ ವಿಶೇಷನಾ?" ಅಂತ ಪಿಸುಗುಟ್ಟಿದರು. ನನಗಾಗ ನಲವತ್ತಾರು. "ಹೌದಮ್ಮ, ಒಂದೇ ಪಕ್ಕದಲ್ಲಿ" ಅಂದೆ. ಪಾಪ, ಅವರಿಗೆ ಏನು ಅರ್ಥವಾಯಿತೋ, ಊಟ ಮುಗಿಯುವವರೆಗೂ ನನ್ನನ್ನೇ ನೋಡುತ್ತಿದ್ದರು.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿರುವಾಗಲೇ ಒಂದು ರಾತ್ರಿ ಕೆಟ್ಟಿತು. ಸಂಜೆಯಿಂದ ಬ್ಯಾಗಿಗೆ ಏನೂ ಬಂದಿರಲಿಲ್ಲ, ಗಾಳಿಯೂ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ಅಲೆ ಅಲೆಯಾಗಿ ನೋವು. ಬೆಲ್ಟು ಬಿಚ್ಚಿ, ಮಂಡಿ ಮಡಚಿ ಮಲಗಿದೆ. ಯಾವಾಗಲೂ ಒಳಗೆ ಸರಿಯುವ ಉಬ್ಬು ಸರಿಯಲಿಲ್ಲ, ಮುಟ್ಟಿದರೆ ಕಲ್ಲು. ಆಮೇಲೆ ವಾಂತಿ. ಮಗಳು ಬ್ಯಾಗಿನ ಮೂಲಕ ಟಾರ್ಚು ಬಿಟ್ಟು ನೋಡಿ "ಅಮ್ಮ, ಕೆಂಪಗೇ ಇದೆ" ಅಂದಳು. ಸ್ಟೋಮಾ ಬಾಯಿಯ ಒಳಭಾಗದಂತೆ ಕೆಂಪಗಿರಬೇಕು. ಊದಾ ಅಥವಾ ಕಪ್ಪಾದರೆ ರಕ್ತ ಹೋಗುತ್ತಿಲ್ಲ ಅಂತ ಅರ್ಥ. ಅದನ್ನು ಅವಳಿಗೆ ಮೊದಲೇ ಹೇಳಿಟ್ಟಿದ್ದೆ.

ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗ, ಇಂಥದ್ದನ್ನು ನೋಡಿರಲಿಲ್ಲ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸುವ ಅಂದಾಜಿನಲ್ಲಿದ್ದ. ನನ್ನ ಪರ್ಸಿನಲ್ಲಿ ಒಂದು ಹಾಳೆ ಸದಾ ಇರುತ್ತದೆ: ಯಾವ ಆಪರೇಷನ್, ಯಾವ ವರ್ಷ, ಸ್ಟೋಮಾ ಎಲ್ಲಿ, ಹರ್ನಿಯಾ ಇದೆ, ವಾಂತಿಯಾಗಿ ಮಲ ನಿಂತರೆ ಕರುಳು ಸಿಕ್ಕಿಕೊಂಡಿರಬಹುದು, ಸರ್ಜನ್ನರ ಫೋನ್ ನಂಬರು. ಸರ್ಜನ್ನರೇ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ್ದು. ಅದನ್ನು ಓದಿದ ಮೇಲೆ ಆ ಹುಡುಗನ ಮುಖವೇ ಬದಲಾಯಿತು, ಆಂಬುಲೆನ್ಸ್ ಅವನೇ ಕರೆಸಿದ. ಬೆಳಗಿನ ಜಾವ ಬೆಂಗಳೂರು. ಮೂಗಿನಿಂದ ಹೊಟ್ಟೆಗೆ ಟ್ಯೂಬು, ಕೈಗೆ ಡ್ರಿಪ್ಪು, ಬಾಯಿಗೆ ಹನಿ ನೀರಿಲ್ಲ, ಮತ್ತೆ ಸಿಟಿ. ಕರುಳು ಮಡಚಿಕೊಂಡು ತಡೆದಿದೆ, ರಕ್ತ ಓಡಾಡುತ್ತಿದೆ, ಕಾಯೋಣ ಅಂದರು. ಕಾಗದಕ್ಕೆ ಮಾತ್ರ ಸಹಿ ತಗೊಂಡರು, ಸಂಜೆಯೊಳಗೆ ಬಿಡದಿದ್ದರೆ ಆಪರೇಷನ್. ಮಧ್ಯಾಹ್ನ ಮೂರರ ಹೊತ್ತಿಗೆ ಬ್ಯಾಗು ಪುಸ್ಸೆಂದು ಉಬ್ಬಿತು. ವಾರ್ಡಿನ ಸಿಸ್ಟರ್, ನಮ್ಮೆಜಮಾನರು, ನಾನು, ಮೂವರೂ ಆ ಗಾಳಿ ನೋಡಿ ನಕ್ಕೆವು.

ಆಮೇಲೆ ಮತ್ತೆ ಅದೇ ಪ್ರಶ್ನೆ. ಮನೆಯಲ್ಲಿ ಎಲ್ಲರೂ ಇನ್ನಾದರೂ ಮಾಡಿಸಿಬಿಡು ಅಂದರು. ನನಗೂ ಹಾಗೇ ಅನ್ನಿಸಿತ್ತು. ಸರ್ಜನ್ನರು ಫೈಲು ಪೂರ್ತಿ ತಿರುವಿ, ಇನ್ನೊಬ್ಬ ಸರ್ಜನ್ನರನ್ನೂ ಕರೆಸಿ ತೋರಿಸಿದರು. ಒಂದು ಸಲ ತಡೆದು ತಾನಾಗಿ ಬಿಟ್ಟಿದೆ, ಮೊದಲಿನ ಕಾರಣಗಳು ಯಾವುದೂ ಬದಲಾಗಿಲ್ಲ, ಆದರೆ ಮತ್ತೆ ಹೀಗಾದರೆ ಕಾಯುವುದು ತಪ್ಪಾಗುತ್ತದೆ ಅಂದರು. ಯಾವಾಗ ಆಪರೇಷನ್ನಿಗೆ ಒಪ್ಪುತ್ತೇನೆ ಅನ್ನುವುದನ್ನು ಅವತ್ತು ಕೂತು ಮಾತಾಡಿ ಫೈಲಿನಲ್ಲಿ ಬರೆಸಿದೆ: ಇನ್ನೊಂದು ಸಲ ಕರುಳು ತಡೆದರೆ, ಯಾವ ಪ್ಲೇಟು ಹಾಕಿದರೂ ಒಂದು ದಿನವೂ ನಿಲ್ಲದಂತಾದರೆ, ಅಥವಾ ನೋವಿನಿಂದ ಅಂಗಡಿಯಲ್ಲಿ ಕೂರಲಾಗದಿದ್ದರೆ. ಆಗ ಒಳಗಿನಿಂದ ಮೆಶ್. ಬರೀ ದಾರದ ಹೊಲಿಗೆಗೆ ಒಪ್ಪುವುದಿಲ್ಲ ಅನ್ನುವುದನ್ನೂ ಸೇರಿಸಿ ಅಂದೆ, ಅವರು ಸೇರಿಸಿದರು.

ಬೀರುವಿನ ಬಾಗಿಲ ಒಳಗೆ ಮಗಳು ಒಂದು ಕಾಗದ ಅಂಟಿಸಿದ್ದಾಳೆ. ಉಬ್ಬು ಗಟ್ಟಿಯಾಗಿ ಮಲಗಿದರೂ ಹೋಗದಿದ್ದರೆ, ಬಿಡದ ನೋವು, ವಾಂತಿ, ಬ್ಯಾಗಿಗೆ ಮಲವೂ ಗಾಳಿಯೂ ಬರದಿದ್ದರೆ, ಸ್ಟೋಮಾದ ಬಣ್ಣ ಊದಾ ಅಥವಾ ಕಪ್ಪಾದರೆ, ಊಟ ನೀರು ನಿಲ್ಲಿಸಿ ಸೀದಾ ಬೆಂಗಳೂರು. ಬೇದಿ ಮಾತ್ರೆ ಕೊಡಬಾರದು, ಒತ್ತಿ ತಳ್ಳಬಾರದು. ಅತ್ತೆಗೆ ಓದಲು ಬರುವುದಿಲ್ಲ, ಅವರಿಗೆ ಬಾಯಿಪಾಠ ಮಾಡಿಸಿದ್ದಾಳೆ.

ಹೋದ ತಿಂಗಳ ಚೆಕಪ್ಪಿನಲ್ಲಿ ಉಬ್ಬು ಹಿಂದಿನ ಸ್ಕ್ಯಾನಿಗಿಂತ ತುಸು ದೊಡ್ಡದಾಗಿದೆ ಅಂದರು, ಬಾಯಿ ಅಗಲವಾಗಿಯೇ ಇದೆ. ಸದ್ಯಕ್ಕೆ ಹೀಗೇ ಹೋಗಲಿ ಅಂತಾಯಿತು. ತೂಕ ಇಳಿದದ್ದರಿಂದ ಹಳೇ ಬೆಲ್ಟು ಸಡಿಲವಾಗಿತ್ತು, ಸಿಸ್ಟರ್ ಹತ್ತಿರ ಹೊಸದಕ್ಕೆ ಅಳತೆ ಕೊಟ್ಟೆ. ಟೇಪು ಅವರು ಸ್ವಲ್ಪ ಓರೆ ಹಿಡಿದಿದ್ದರು, ಸರಿಮಾಡಿಸಿದೆ.